ದೂರಶಿಕ್ಷಣದ ಮಾಸ್ಟರ್ಸ್, ಆನ್‌ಲೈನ್ ಕೋರ್ಸ್, ಪಿಎಂಪಿ: ಮೂರನ್ನೂ ಓದಿ ನೋಡಿದ ಮೇಲೆ

ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದವರು ಮುಂದೆ ಏನಾದರೂ ಓದಬೇಕು ಅಂದುಕೊಂಡಾಗ ಸಾಮಾನ್ಯವಾಗಿ ಸಿಲಬಸ್ ಹೋಲಿಸುತ್ತಾರೆ. ಇದರಲ್ಲಿ ಎಷ್ಟು ವಿಷಯ ಇದೆ, ಅದರಲ್ಲಿ ಎಷ್ಟಿದೆ, ಯಾವುದರಲ್ಲಿ ಹೊಸದು ಜಾಸ್ತಿ ಇದೆ ಅಂತ. ನಾನು ಕೆಲಸ ಬಿಡದೆಯೇ ಮೂರು ದಾರಿ ಹಿಡಿದು ನೋಡಿದವನು. ಮುಕ್ತ ವಿಶ್ವವಿದ್ಯಾಲಯದಲ್ಲಿ ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಪದವಿ ಮಾಡಿದೆ. ಕೋರ್ಸೆರಾ, ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕೆಯ ತಾಣಗಳಲ್ಲಿ ಕೋರ್ಸ್‌ಗಳನ್ನು ಮಾಡಿದೆ. ಆಮೇಲೆ ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್) ಎನ್ನುವ, ಪ್ರಾಜೆಕ್ಟ್ ನಡೆಸುವವರ ವೃತ್ತಿಪರ ಪರೀಕ್ಷೆ ಬರೆದೆ. ಸಿಲಬಸ್‌ನಲ್ಲಿ ಜನ ಅಂದುಕೊಂಡಷ್ಟು ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಬೇರೆ ಎರಡು ಕಡೆ. ಪರೀಕ್ಷೆಯ ದಿನ ಯಾರ ಕೈಯಲ್ಲಿದೆ, ಮತ್ತು ಕೊನೆಗೆ ಸಿಗುವ ಕಾಗದವನ್ನು ಯಾರು ಓದುತ್ತಾರೆ.

ಕೆಲಸ ಬಿಟ್ಟು ಪೂರ್ಣಾವಧಿ ಓದುವ ದಾರಿಯನ್ನು ನಾನು ಹಿಡಿಯಲಿಲ್ಲ. ಹಾಗಾಗಿ ಅದರ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ.

ಒಂದೇ ಪಾಠವನ್ನು ಮೂರು ಕಡೆ ಓದಿದಾಗ ಹೇಗಿತ್ತು ಅನ್ನುವುದರಿಂದ ಶುರು ಮಾಡುತ್ತೇನೆ. ಕ್ರಿಟಿಕಲ್ ಪಾತ್ ಅನ್ನುವ ವಿಷಯ ಮೂರರಲ್ಲೂ ಬರುತ್ತದೆ. ಒಂದು ಪ್ರಾಜೆಕ್ಟ್‌ನಲ್ಲಿ ಹತ್ತಾರು ಕೆಲಸಗಳಿರುತ್ತವೆ. ಕೆಲವನ್ನು ಒಟ್ಟೊಟ್ಟಿಗೆ ಮಾಡಬಹುದು, ಕೆಲವು ಒಂದು ಮುಗಿದ ಮೇಲೆಯೇ ಇನ್ನೊಂದು. ಅವುಗಳಲ್ಲಿ ಯಾವ ಸಾಲು ಒಂದು ದಿನ ತಡವಾದರೆ ಇಡೀ ಪ್ರಾಜೆಕ್ಟೇ ಒಂದು ದಿನ ತಡವಾಗುತ್ತದೋ ಅದು ಕ್ರಿಟಿಕಲ್ ಪಾತ್. 1950ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯ ಕೆಲಸಗಳಿಗಾಗಿ ಹುಟ್ಟಿದ ವಿಧಾನ ಇದು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದ ನೌಕಾಪಡೆ ಪೋಲಾರಿಸ್ ಕ್ಷಿಪಣಿಗಾಗಿ ಪರ್ಟ್ ಎಂಬ ಇನ್ನೊಂದು ವಿಧಾನ ತಂದಿತು.

ಮಾಸ್ಟರ್ಸ್‌ನಲ್ಲಿ ಇದು ಆಪರೇಷನ್ಸ್ ರಿಸರ್ಚ್ ಪತ್ರಿಕೆಯ ಒಂದು ಅಧ್ಯಾಯ. ಪೆನ್ಸಿಲ್ ಹಿಡಿದು ನೆಟ್‌ವರ್ಕ್ ಬರೆಯಬೇಕು. ಎಡದಿಂದ ಬಲಕ್ಕೆ ಕೂಡುತ್ತಾ ಹೋಗಿ ಪ್ರತಿ ಕೆಲಸ ಬೇಗ ಅಂದರೆ ಯಾವಾಗ ಮುಗಿಯುತ್ತದೆ ಅಂತ ಬರೆಯಬೇಕು. ಮತ್ತೆ ಬಲದಿಂದ ಎಡಕ್ಕೆ ಕಳೆಯುತ್ತಾ ಬಂದು ತಡ ಅಂದರೆ ಯಾವಾಗ ಮುಗಿಯಬೇಕು ಅಂತ ಬರೆಯಬೇಕು. ಎರಡರ ನಡುವೆ ಎಲ್ಲಿ ಅಂತರ ಸೊನ್ನೆಯೋ ಅದೇ ದಾರಿ. ಒಂದು ಕಡೆ ಕೂಡಿದ್ದು ತಪ್ಪಿದರೆ ಅಲ್ಲಿಂದ ಮುಂದಿನದ್ದೆಲ್ಲ ತಪ್ಪು. ಬೇಸರದ ಕೆಲಸ. ಆದರೆ ಹಾಗೆ ಮಾಡಿದ್ದು ತಲೆಯಲ್ಲಿ ಉಳಿಯಿತು.

ಆನ್‌ಲೈನ್ ಕೋರ್ಸ್‌ನಲ್ಲಿ ಅದೇ ವಿಷಯ ಚಿಕ್ಕ ವಿಡಿಯೊ. ಬಣ್ಣಬಣ್ಣದ ಡಬ್ಬಿಗಳು ಬಂದು ಸಾಲಾಗಿ ನಿಲ್ಲುತ್ತವೆ, ಕ್ರಿಟಿಕಲ್ ದಾರಿ ಕೆಂಪಾಗುತ್ತದೆ. ತಕ್ಷಣ ಅರ್ಥವಾಯಿತು ಅನ್ನಿಸುತ್ತದೆ. ಕೆಳಗೆ ನಾಲ್ಕು ಪ್ರಶ್ನೆಯ ಕ್ವಿಜ್. ತಪ್ಪಾದರೆ ಮತ್ತೆ ಮಾಡಬಹುದು. ಎರಡನೇ ಸಲ ಉತ್ತರ ಗೊತ್ತಿದ್ದು ಒತ್ತುತ್ತೇವೋ, ಮೊದಲ ಸಲ ಒತ್ತಿದ್ದು ತಪ್ಪು ಅಂತ ಗೊತ್ತಾಗಿ ಇನ್ನೊಂದನ್ನು ಒತ್ತುತ್ತೇವೋ, ಅದು ನಮಗಷ್ಟೇ ಗೊತ್ತು. ಆದರೆ ಒಂದು ಲಾಭ ಇತ್ತು. ಜೊತೆಗೆ ಕೊಟ್ಟಿದ್ದ ಸ್ಪ್ರೆಡ್‌ಶೀಟನ್ನು ಮರುದಿನವೇ ಆಫೀಸಿನ ಕೆಲಸಕ್ಕೆ ಹಾಕಿಕೊಂಡೆ. ಮಾಸ್ಟರ್ಸ್ ಪುಸ್ತಕದಿಂದ ಹಾಗೆ ನೇರವಾಗಿ ಎತ್ತಿಕೊಂಡದ್ದು ಬಹಳ ಕಡಿಮೆ.

ಪಿಎಂಪಿಯಲ್ಲಿ ಲೆಕ್ಕ ತೀರಾ ಕಡಿಮೆ. ಅಲ್ಲಿನ ಪ್ರಶ್ನೆಯ ಧಾಟಿಯೇ ಬೇರೆ. ಆ ಧಾಟಿಯಲ್ಲಿ ನಾನೇ ಒಂದು ಪ್ರಶ್ನೆ ಕಟ್ಟಿ ಹೇಳುತ್ತೇನೆ. ಕ್ರಿಟಿಕಲ್ ಪಾತ್‌ನಲ್ಲಿರುವ ಒಂದು ಕೆಲಸ ಮೂರು ದಿನ ತಡವಾಗುತ್ತದೆ ಅಂತ ತಂಡದವರೊಬ್ಬರು ಹೇಳುತ್ತಾರೆ. ನೀವು ಮೊದಲು ಏನು ಮಾಡುತ್ತೀರಿ? ಗ್ರಾಹಕರಿಗೆ ತಿಳಿಸುತ್ತೀರಾ, ಇನ್ನೊಬ್ಬರನ್ನು ಆ ಕೆಲಸಕ್ಕೆ ಹಾಕುತ್ತೀರಾ, ಮೇಲಿನವರ ಗಮನಕ್ಕೆ ತರುತ್ತೀರಾ, ತಂಡದ ಜೊತೆ ಕೂತು ಪರಿಣಾಮ ಏನೆಂದು ನೋಡುತ್ತೀರಾ? ನಾಲ್ಕೂ ಸರಿಯೇ ಅಲ್ವಾ? ನಿಜವಾದ ಕೆಲಸದಲ್ಲಿ ನಾಲ್ಕನ್ನೂ ಒಂದೇ ಮಧ್ಯಾಹ್ನ ಮಾಡುತ್ತೇವೆ. ಪರೀಕ್ಷೆಗೆ ಬೇಕಾದದ್ದು ‘ಮೊದಲು’ ಯಾವುದು ಅನ್ನುವುದು. ಪರಿಣಾಮ ಗೊತ್ತಿಲ್ಲದೆ ಯಾರಿಗೂ ಏನನ್ನೂ ಹೇಳಬೇಡಿ ಅನ್ನುವುದು ಅವರ ಲೆಕ್ಕ. ಅನುಭವ ಜಾಸ್ತಿ ಇದ್ದವರೇ ಇಂಥ ಪ್ರಶ್ನೆಗಳಲ್ಲಿ ಎಡವುವುದುಂಟು, ಯಾಕೆಂದರೆ ಅವರು ತಮ್ಮ ಆಫೀಸಿನ ಉತ್ತರ ಕೊಡುತ್ತಾರೆ.

ವಿಷಯ ಒಂದೇ. ಒಂದು ಕಡೆ ಕೈಗೆ ಬಂತು, ಒಂದು ಕಡೆ ಕಣ್ಣಿಗೆ ಬಂತು, ಇನ್ನೊಂದು ಕಡೆ ನಿರ್ಧಾರಕ್ಕೆ ಬಂತು.

ಈಗ ದಿನಾಂಕದ ವಿಷಯ.

ಆನ್‌ಲೈನ್ ಕೋರ್ಸ್‌ನ ದೊಡ್ಡ ಆಕರ್ಷಣೆ ಈಗಲೇ ಶುರು ಮಾಡಬಹುದು ಅನ್ನುವುದು. ರಾತ್ರಿ ಹನ್ನೊಂದಕ್ಕೆ ಹುಮ್ಮಸ್ಸು ಬಂದರೆ ಹನ್ನೊಂದೂ ಐದಕ್ಕೆ ನೀವು ವಿದ್ಯಾರ್ಥಿ. ಬೇರೆ ಯಾವ ದಾರಿಯಲ್ಲೂ ಇದು ಸಾಧ್ಯವಿಲ್ಲ. ಆದರೆ ಅದೇ ಅದರ ತೊಂದರೆ ಕೂಡ. ಕೋರ್ಸೆರಾದಲ್ಲಿ ಗಡುವು ದಾಟಿದರೆ ಒಂದು ಬಟನ್ ಬರುತ್ತದೆ. ಒತ್ತಿದರೆ ಎಲ್ಲ ದಿನಾಂಕಗಳೂ ಮುಂದಕ್ಕೆ ಹೋಗುತ್ತವೆ. ಯಾರೂ ಕೇಳುವುದಿಲ್ಲ, ಬೈಯುವುದೂ ಇಲ್ಲ. ಇಷ್ಟು ಸಲೀಸಾಗಿ ಮುಂದೂಡುವ ಗಡುವನ್ನು ಗಡುವು ಅನ್ನುವುದೇ ಕಷ್ಟ. ಕೆಲಸದಲ್ಲಿ ಒತ್ತಡ ಬಂದ ವಾರ ಮೊದಲು ಬಿಟ್ಟುಹೋಗುತ್ತಿದ್ದದ್ದು ಇದೇ.

ಇದು ನನ್ನೊಬ್ಬನ ಕಥೆಯಲ್ಲ. 2011ರಲ್ಲಿ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಕೋರ್ಸನ್ನು ಉಚಿತವಾಗಿ ತೆರೆದಾಗ ಸುಮಾರು 1,60,000 ಜನ ಹೆಸರು ಬರೆಸಿದರು. ಮರುವರ್ಷ ಕೋರ್ಸೆರಾ, ಎಡ್‌ಎಕ್ಸ್ ಎರಡೂ ಹುಟ್ಟಿದವು. ಇನ್ನು ವಿಶ್ವವಿದ್ಯಾಲಯಗಳ ಕಾಲ ಮುಗಿಯಿತು ಅನ್ನುವಷ್ಟು ಗದ್ದಲ ಎದ್ದಿತು. ಆಮೇಲೆ ಎಂಐಟಿ ಮತ್ತು ಹಾರ್ವರ್ಡ್‌ನ ಎಡ್‌ಎಕ್ಸ್ ಕೋರ್ಸ್‌ಗಳ ಅಂಕಿಅಂಶ ನೋಡಿದ ಒಂದು ಅಧ್ಯಯನ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. 2017–18ರಲ್ಲಿ ಸೇರಿದವರಲ್ಲಿ ಕೋರ್ಸ್ ಮುಗಿಸಿದವರು ಶೇ. 3.13. ದುಡ್ಡು ಕಟ್ಟಿ ಪ್ರಮಾಣಪತ್ರದ ದಾರಿ ಹಿಡಿದವರಲ್ಲಿ ಮಾತ್ರ ಶೇ. 46. ಉಚಿತವಾಗಿ ಸೇರಿದವರಲ್ಲಿ ಎಷ್ಟೋ ಜನ ಸುಮ್ನೆ ಇಣುಕಿ ನೋಡಲು ಬಂದವರು ಅನ್ನುವುದೂ ನಿಜ. ಒಂದೇ ವಿಡಿಯೊ ನೋಡಿ ಬೇಕಾದದ್ದು ಸಿಕ್ಕಿದ ಮೇಲೆ ಹೊರಟುಹೋದವರನ್ನು ಸೋತವರು ಅನ್ನಲಾಗದು. ನಾನೂ ಹಾಗೆ ಬೇಕೆಂದೇ ಅರ್ಧಕ್ಕೆ ಬಿಟ್ಟ ಕೋರ್ಸ್‌ಗಳಿವೆ. ಆದರೆ ಒಂದು ವಿಷಯವನ್ನು ಬುಡದಿಂದ ತುದಿಯವರೆಗೆ ಕಲಿಯಬೇಕು ಅನ್ನುವವರು ಸ್ವಲ್ಪವಾದರೂ ದುಡ್ಡು ಕಟ್ಟಿ ಸೇರುವುದು ವಾಸಿ.

ದೂರಶಿಕ್ಷಣದ ಪದವಿಯಲ್ಲಿ ದಿನಾಂಕ ನಿಮ್ಮ ಕೈಯಲ್ಲಿ ಇರುವುದೇ ಇಲ್ಲ. ವೇಳಾಪಟ್ಟಿ ಬರುತ್ತದೆ, ಆ ದಿನ ಆ ಹೊತ್ತಿಗೆ ಹೋಗಿ ಕೂರಬೇಕು. ಆಫೀಸಿನಲ್ಲಿ ಅದೇ ವಾರ ಏನೇ ಬಿದ್ದಿರಲಿ. ಇದನ್ನು ಬೈದುಕೊಂಡೇ ಓದಿದೆ. ಆದರೆ ಇದರಲ್ಲಿ ಒಂದು ಪತ್ರಿಕೆಯನ್ನೂ ಬಿಡದೆ ಎಲ್ಲವನ್ನೂ ಮುಗಿಸಿದೆ. ಟೈಪ್ ಮಾಡಿಯೇ ಅಭ್ಯಾಸವಾದ ಕೈಯಲ್ಲಿ ಮೂರು ಗಂಟೆ ಬರೆಯುವುದು ಏನೆಂದು ಮೊದಲ ಪತ್ರಿಕೆಯಲ್ಲಿ ಗೊತ್ತಾಯಿತು. ಎರಡನೇ ಗಂಟೆಗೆ ಹೆಬ್ಬೆರಳಿನ ಬುಡ ಹಿಡಿದುಕೊಂಡಿತು, ಕೊನೆಯ ಉತ್ತರದ ಅಕ್ಷರ ನನಗೇ ಓದಲಾಗುತ್ತಿರಲಿಲ್ಲ. ಮುಂದಿನ ಪತ್ರಿಕೆಗೆ ಮೊದಲು ದಿನಕ್ಕೆ ಒಂದು ಉತ್ತರ ಕೈಯಲ್ಲೇ ಬರೆದು ರೂಢಿ ಮಾಡಿಕೊಂಡೆ. ದೂರಶಿಕ್ಷಣಕ್ಕೆ ಸೇರುವವರಿಗೆ ಯಾರೂ ಇದನ್ನು ಹೇಳುವುದಿಲ್ಲ.

ಆ ಬರೆಯುವ ರೂಢಿಗೆ ಇನ್ನೊಂದು ಲಾಭವೂ ಇದೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ಒಂದು ಪಾಠವನ್ನು ಮತ್ತೆ ಓದಿದರು, ಕೆಲವರು ಓದುವ ಬದಲು ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು. ಶೇ. 81ಕ್ಕೆ ಶೇ. 75. ಒಂದು ವಾರದ ನಂತರ ಲೆಕ್ಕ ತಿರುಗಿತ್ತು. ಓದಿದವರಿಗೆ ನೆನಪಿದ್ದದ್ದು ಶೇ. 42, ಬರೆದವರಿಗೆ ಶೇ. 56. ವಿಡಿಯೊ ನೋಡಿ ಎದ್ದಾಗ ಎಲ್ಲ ಗೊತ್ತಾಯಿತು ಅನ್ನಿಸುವುದಕ್ಕೂ, ಮುಂದಿನ ವಾರ ಏನೂ ನೆನಪಾಗದೆ ಇರುವುದಕ್ಕೂ ಕಾರಣ ಇಲ್ಲೇ ಇದೆ. ಆನ್‌ಲೈನ್ ಕೋರ್ಸ್ ಮಾಡುವಾಗ ವಿಡಿಯೊ ಮುಗಿದ ಮೇಲೆ ಪರದೆ ಮುಚ್ಚಿ ಖಾಲಿ ಹಾಳೆಯಲ್ಲಿ ಬರೆಯುವುದನ್ನು ಆಮೇಲೆ ನಾನೇ ಸೇರಿಸಿಕೊಂಡೆ. ಕೋರ್ಸ್ ಅದನ್ನು ಕೇಳುವುದಿಲ್ಲ.

ಪಿಎಂಪಿಯದು ಮಧ್ಯದ ದಾರಿ. ದಿನಾಂಕವನ್ನು ನೀವೇ ಆರಿಸಿಕೊಳ್ಳುತ್ತೀರಿ. ಆದರೆ ಒಮ್ಮೆ ಶುಲ್ಕ ಕಟ್ಟಿ ಕಾದಿರಿಸಿದ ಮೇಲೆ ಬದಲಿಸುವುದು ಸುಲಭವಲ್ಲ. ಹತ್ತಿರ ಬಂದಷ್ಟೂ ಬದಲಿಸುವುದಕ್ಕೆ ದಂಡ. ನನ್ನ ಮನಸ್ಸಿಗೆ ಅತ್ಯಂತ ಸರಿಹೊಂದಿದ್ದು ಈ ವ್ಯವಸ್ಥೆ. ಮೊದಲು ದಿನ ಕಾದಿರಿಸಿ, ಆಮೇಲೆ ಓದಲು ಕೂತೆ. ಹಲವರು ಇದನ್ನು ತಿರುವುಮುರುವು ಮಾಡುತ್ತಾರೆ, ತಯಾರಾದ ಮೇಲೆ ಕಾದಿರಿಸೋಣ ಅಂತ. ಆ ‘ತಯಾರು’ ಬರುವುದೇ ಇಲ್ಲ.

ಆದರೆ ಪಿಎಂಪಿಗೆ ಡಿಗ್ರಿ ಮುಗಿದ ಕೂಡಲೇ ಹೋಗಲು ಆಗುವುದಿಲ್ಲ. ಪದವಿ ಇದ್ದವರಿಗೂ ಪ್ರಾಜೆಕ್ಟ್ ಮುನ್ನಡೆಸಿದ 36 ತಿಂಗಳ ಅನುಭವ ಬೇಕು, ಜೊತೆಗೆ 35 ಗಂಟೆಗಳ ತರಬೇತಿ. ಅರ್ಜಿಯಲ್ಲಿ ನೀವು ಮಾಡಿದ ಪ್ರತಿ ಪ್ರಾಜೆಕ್ಟ್‌ನ ಗುರಿ, ನಿಮ್ಮ ಪಾತ್ರ, ಫಲಿತಾಂಶ ಬರೆಯಬೇಕು. ಕೆಲವು ಅರ್ಜಿಗಳನ್ನು ಆರಿಸಿ ಪರಿಶೀಲನೆಗೆ ಹಾಕುತ್ತಾರೆ. ಹಾಗೆ ಬಿದ್ದರೆ ಹಳೆಯ ಮೇಲಧಿಕಾರಿಗಳ ಸಹಿ ಹುಡುಕಿಕೊಂಡು ಹೋಗಬೇಕು. ವಿಚಿತ್ರ ಅನ್ನಿಸಬಹುದು, ನನಗೆ ಇಡೀ ಪಿಎಂಪಿಯಲ್ಲಿ ಅತಿ ಉಪಯೋಗ ಆದದ್ದು ಆ ಅರ್ಜಿಯೇ. ‘ಆ ಕೆಲಸದಲ್ಲಿ ಇದ್ದೆ’ ಅಂತ ಹೇಳುತ್ತಿದ್ದವನು ‘ಆ ಕೆಲಸದಲ್ಲಿ ಇದನ್ನು ಮಾಡಿದೆ’ ಅಂತ ಬರೆಯುವುದನ್ನು ಕಲಿತೆ. ಮುಂದೆ ಬಯೊಡೇಟಾ ಬರೆಯುವಾಗ ಆ ಸಾಲುಗಳನ್ನೇ ಎತ್ತಿಟ್ಟೆ.

ಪರೀಕ್ಷೆ ನಾನು ಬರೆದಾಗ 180 ಪ್ರಶ್ನೆ, 230 ನಿಮಿಷ, ನಡುವೆ ಹತ್ತು ಹತ್ತು ನಿಮಿಷದ ಎರಡು ಬಿಡುವು. ಒಂದು ಪ್ರಶ್ನೆಗೆ ಒಂದೂಕಾಲು ನಿಮಿಷ ಸಿಗುತ್ತದೆ ಅನ್ನಿ. ಪ್ರಶ್ನೆಯೇ ನಾಲ್ಕೈದು ಸಾಲು ಇರುತ್ತದೆ. ಫಲಿತಾಂಶದಲ್ಲಿ ಅಂಕ ಕೊಡುವುದಿಲ್ಲ. ಪಾಸಾಯಿತು, ಈ ಭಾಗದಲ್ಲಿ ಗುರಿಗಿಂತ ಮೇಲೆ, ಆ ಭಾಗದಲ್ಲಿ ಗುರಿಯ ಮಟ್ಟ, ಅಷ್ಟೇ. ಅಂಕಪಟ್ಟಿ ನೋಡಿ ಬೆಳೆದವರಿಗೆ ಇದು ಒಂಥರಾ ಖಾಲಿ ಖಾಲಿ ಅನ್ನಿಸುತ್ತದೆ.

ಎಷ್ಟು ಸಮಯ ಬೇಕು ಅನ್ನುವುದಕ್ಕೆ ಯುರೋಪಿನ ಕ್ರೆಡಿಟ್ ಪದ್ಧತಿ ಒಳ್ಳೆಯ ಅಳತೆ. ಅಲ್ಲಿ ಪೂರ್ಣಾವಧಿ ಓದಿನ ಒಂದು ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ಅಂತ ಲೆಕ್ಕ. ಅಂದರೆ ವರ್ಷಕ್ಕೆ 1,500ರಿಂದ 1,800 ಗಂಟೆ. ಕೆಲಸದ ಜೊತೆ ಅರ್ಧ ವೇಗದಲ್ಲಿ ಓದಿದರೂ ವಾರಕ್ಕೆ 14ರಿಂದ 17 ಗಂಟೆ. ವಾರದ ದಿನಗಳಲ್ಲಿ ದಿನಕ್ಕೆ ಒಂದೂವರೆ ಗಂಟೆ, ಶನಿವಾರ ಭಾನುವಾರ ಮೂರೂವರೆ ನಾಲ್ಕು ಗಂಟೆ ಕೂತರೆ ಸರಿಹೋಗುತ್ತದೆ. ಇದು ಎರಡು ವಾರದ ಮಾತಲ್ಲ, ವರ್ಷಗಟ್ಟಲೆ. ಮನೆಯವರ ಜೊತೆ ಈ ಲೆಕ್ಕವನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು, ಯಾಕೆಂದರೆ ಆ ಗಂಟೆಗಳು ಅವರ ಪಾಲಿನಿಂದಲೇ ಹೋಗುವುದು. ಪಿಎಂಪಿ ಓದು ಕೆಲವು ತಿಂಗಳ ಗಟ್ಟಿ ಕೆಲಸ, ಆಮೇಲೆ ಬಿಡುಗಡೆ. ಆನ್‌ಲೈನ್ ಕೋರ್ಸ್‌ಗೆ ಬೇಕಾದಷ್ಟೇ.

ಓದಿನ ಜೊತೆಗಾರರ ವಿಷಯದಲ್ಲಿ ಮಾಸ್ಟರ್ಸ್ ಮುಂದೆ ಅನ್ನುತ್ತೇನೆ, ದೂರಶಿಕ್ಷಣವಾದರೂ. ಸಂಪರ್ಕ ತರಗತಿಗಳಲ್ಲಿ ನನ್ನ ಪಕ್ಕ ಕೂತವರಲ್ಲಿ ಬ್ಯಾಂಕಿನವರಿದ್ದರು, ನರ್ಸ್ ಇದ್ದರು, ಸೈನ್ಯದಿಂದ ನಿವೃತ್ತರಾದವರಿದ್ದರು. ಸಿಬ್ಬಂದಿ ನಿರ್ವಹಣೆಯ ಪಾಠದಲ್ಲಿ ಪಾಳಿ ಹಂಚುವ ವಿಷಯ ಬಂದಾಗ ಆ ನರ್ಸ್ ತಮ್ಮ ವಾರ್ಡಿನಲ್ಲಿ ರಾತ್ರಿ ಪಾಳಿ ಹೇಗೆ ಹಂಚುತ್ತಾರೆ ಅಂತ ವಿವರಿಸಿದರು. ಪುಸ್ತಕದ ಆ ಅಧ್ಯಾಯ ನನಗೆ ಮರೆತಿದೆ, ಅವರು ಹೇಳಿದ್ದು ಮರೆತಿಲ್ಲ. ಆನ್‌ಲೈನ್ ಕೋರ್ಸ್‌ನಲ್ಲಿ ಸಹಪಾಠಿಗಳೇ ಒಬ್ಬರ ಕೆಲಸ ಇನ್ನೊಬ್ಬರು ತಿದ್ದುವ ಪದ್ಧತಿ ಇದೆ. ಕಷ್ಟಪಟ್ಟು ಬರೆದು ಕಳಿಸಿದ ಪುಟಗಳಿಗೆ ಮೂವರು ಅಪರಿಚಿತರಿಂದ ಬಂದ ಅಭಿಪ್ರಾಯ: ‘ಚೆನ್ನಾಗಿದೆ’, ‘ಗುಡ್’, ಒಂದು ಚುಕ್ಕಿ. ಕಳಿಸಲು ಏನಾದರೂ ಒತ್ತಲೇಬೇಕು ಅಂತ ಚುಕ್ಕಿ ಒತ್ತಿದ್ದಾರೆ. ಮಾಸ್ಟರ್ಸ್‌ನ ಅಸೈನ್‌ಮೆಂಟ್ ಮಾತ್ರ ಕೆಂಪು ಶಾಯಿಯ ಟಿಪ್ಪಣಿ ಹೊತ್ತು ವಾಪಸ್ ಬರುತ್ತಿತ್ತು. ತಡವಾಗಿ ಬರುತ್ತಿತ್ತು, ಆದರೆ ಓದಿ ಬರೆದ ಟಿಪ್ಪಣಿ.

ಇನ್ನೊಂದು ಮಾತು. ಮಾಸ್ಟರ್ಸ್‌ನಲ್ಲಿ ನಾನು ಎಂದೂ ಆರಿಸಿಕೊಳ್ಳದ ವಿಷಯಗಳನ್ನು ಓದಬೇಕಾಯಿತು. ಅಕೌಂಟಿಂಗ್ ಅದರಲ್ಲಿ ಒಂದು. ಆನ್‌ಲೈನ್‌ನಲ್ಲಾಗಿದ್ದರೆ ಆ ಪುಟದ ಹತ್ತಿರವೂ ಹೋಗುತ್ತಿರಲಿಲ್ಲ. ಈಗ ಆಫೀಸಿನಲ್ಲಿ ಬಜೆಟ್ ಸಭೆಗೆ ಕರೆದರೆ ಯಾವ ಸಾಲಿನ ಮೇಲೆ ಬೆರಳಿಡಬೇಕು ಅಂತ ಗೊತ್ತಿದೆ. ನಮಗೆ ಇಷ್ಟವಾದದ್ದನ್ನಷ್ಟೇ ಆರಿಸುವ ಸ್ವಾತಂತ್ರ್ಯ ಚೆಂದ, ಆದರೆ ನಮಗೆ ಗೊತ್ತಿಲ್ಲ ಅನ್ನುವುದೇ ಗೊತ್ತಿಲ್ಲದ ವಿಷಯಗಳಿಗೆ ಅದು ದಾರಿ ತೋರಿಸುವುದಿಲ್ಲ.

ಇನ್ನು ಕಾಗದ. ಮೈಕೆಲ್ ಸ್ಪೆನ್ಸ್ ಎಂಬ ಅರ್ಥಶಾಸ್ತ್ರಜ್ಞ 1973ರಲ್ಲಿ ಒಂದು ವಾದ ಮುಂದಿಟ್ಟರು. ಕೆಲಸ ಕೊಡುವವರಿಗೆ ನಿಮ್ಮ ಒಳಗಿನ ಸಾಮರ್ಥ್ಯ ಕಾಣುವುದಿಲ್ಲ. ಪದವಿ ಪಡೆಯುವುದು ಸಾಮರ್ಥ್ಯ ಇಲ್ಲದವರಿಗೆ ಹೆಚ್ಚು ಕಷ್ಟ, ಇದ್ದವರಿಗೆ ಕಡಿಮೆ ಕಷ್ಟ. ಹಾಗಾಗಿ ಅಲ್ಲಿ ಕಲಿತದ್ದು ಏನೇ ಇರಲಿ, ಪದವಿಯೇ ಒಂದು ಸಂಕೇತವಾಗಿ ಕೆಲಸ ಮಾಡುತ್ತದೆ ಅಂತ. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಈ ಮಾತು ಸ್ವಲ್ಪ ಕಹಿ, ಆದರೆ ಸಂದರ್ಶನಗಳಲ್ಲಿ ನಾನು ಕಂಡದ್ದು ಇದನ್ನೇ. ಸಂಕೇತ ಅಂದ ಮೇಲೆ ಪಡೆಯಲು ಕಷ್ಟವಿರಬೇಕು. ಯಾರು ಬೇಕಾದರೂ ಬಟನ್ ಒತ್ತಿ ಮುಂದೂಡಿ ಮುಗಿಸಬಹುದಾದ ಪ್ರಮಾಣಪತ್ರಕ್ಕೆ ಆ ಬಲ ಬರುವುದಿಲ್ಲ.

ನನ್ನ ಆನ್‌ಲೈನ್ ಪ್ರಮಾಣಪತ್ರಗಳ ಬಗ್ಗೆ ಸಂದರ್ಶನದಲ್ಲಿ ಯಾರೂ ಪ್ರಶ್ನೆ ಕೇಳಿದ್ದಿಲ್ಲ. ಆದರೆ ಅಲ್ಲಿ ಕಲಿತು ಮಾಡಿದ ಒಂದು ಡ್ಯಾಶ್‌ಬೋರ್ಡ್ ತೋರಿಸಿದಾಗ ಮಾತು ಬೆಳೆಯಿತು. ಹೆಸರಿಗಿಂತ ಕೆಲಸ ತೋರಿಸಬೇಕಾದ ದಾರಿ ಅದು. ಪಿಎಂಪಿ ಇದಕ್ಕೆ ತದ್ವಿರುದ್ಧ. ಆ ಮೂರು ಅಕ್ಷರ ಕಂಡ ಕೂಡಲೇ ಪ್ರಾಜೆಕ್ಟ್ ಕೆಲಸದವರಿಗೆ ಅರ್ಥವಾಗುತ್ತದೆ, ಬೇರೆ ಕ್ಷೇತ್ರದವರಿಗೆ ಏನೂ ಅನ್ನಿಸುವುದಿಲ್ಲ. ಮಾಸ್ಟರ್ಸ್ ಪದವಿ ಸಂದರ್ಶನದ ಕೋಣೆಯಲ್ಲಿ ದೊಡ್ಡ ಸುದ್ದಿಯಾಗಲಿಲ್ಲ. ಆದರೆ ಆ ಕೋಣೆಯವರೆಗೆ ತಲುಪಿಸಿತು. ಅರ್ಜಿಯಲ್ಲಿ ‘ಸ್ನಾತಕೋತ್ತರ ಪದವಿ ಇದೆಯೇ’ ಅನ್ನುವ ಚೌಕ ಇದ್ದ ಕಡೆ ಬೇರೆ ಯಾವುದೂ ಅದರ ಜಾಗ ತುಂಬುವುದಿಲ್ಲ. ಕಾಲೇಜಿನಲ್ಲಿ ಪಾಠ ಹೇಳಬೇಕು, ಮುಂದೆ ಪಿಎಚ್‌ಡಿ ಮಾಡಬೇಕು ಅನ್ನುವವರಿಗಂತೂ ಹೋಲಿಕೆಯ ಪ್ರಶ್ನೆಯೇ ಇಲ್ಲ, ಮಾಸ್ಟರ್ಸೇ.

ದೂರಶಿಕ್ಷಣ ಅಂದರೆ ಮೂಗು ಮುರಿಯುವವರು ಇನ್ನೂ ಇದ್ದಾರೆ. ಇದು ಹೊಸ ಪದ್ಧತಿಯೇನಲ್ಲ. ಲಂಡನ್ ವಿಶ್ವವಿದ್ಯಾಲಯ 1858ರಿಂದಲೇ ತನ್ನಲ್ಲಿಗೆ ಬಾರದವರಿಗೂ ಪರೀಕ್ಷೆ ಬರೆದು ಪದವಿ ಪಡೆಯಲು ಬಿಟ್ಟಿದೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಪಾಠ ಶುರು ಮಾಡಿ ಬಿಬಿಸಿಯಲ್ಲಿ ಉಪನ್ಯಾಸ ಬಿತ್ತರಿಸಿತು. ನೆಲ್ಸನ್ ಮಂಡೇಲಾ ಜೈಲಿನಲ್ಲಿದ್ದುಕೊಂಡೇ ದಕ್ಷಿಣ ಆಫ್ರಿಕಾ ವಿಶ್ವವಿದ್ಯಾಲಯದಿಂದ 1989ರಲ್ಲಿ ಕಾನೂನು ಪದವಿ ಪಡೆದದ್ದು ಇದೇ ದಾರಿಯಲ್ಲಿ. ಮೂಗು ಮುರಿಯುವವರ ಚಿಂತೆ ಬಿಡಿ. ನೋಡಬೇಕಾದದ್ದು ಒಂದೇ, ಆ ನಿರ್ದಿಷ್ಟ ಕೋರ್ಸ್‌ಗೆ ನೀವು ಸೇರುವ ವರ್ಷ ಮಾನ್ಯತೆ ಇದೆಯೇ ಅನ್ನುವುದು. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದು ಕೋರ್ಸ್‌ಗೆ ಇಲ್ಲದಿರಬಹುದು. ಜಾಹೀರಾತು ನಂಬದೆ ನಿಯಂತ್ರಣ ಸಂಸ್ಥೆಯ ಪಟ್ಟಿಯಲ್ಲೇ ನೋಡಿ.

ಪೂರ್ಣಾವಧಿ ಓದಿನ ಬಗ್ಗೆ ಹೊರಗಿನಿಂದ ಕಂಡ ಒಂದು ಮಾತು. ಕ್ಷೇತ್ರವನ್ನೇ ಬದಲಿಸಬೇಕು ಅನ್ನುವವರಿಗೆ ನನ್ನ ಮೂರು ದಾರಿಗಳೂ ಅಷ್ಟಾಗಿ ಒದಗುವುದಿಲ್ಲ. ಇಂಟರ್ನ್‌ಶಿಪ್, ಕ್ಯಾಂಪಸ್ ನೇಮಕ, ಹೊಸ ಕ್ಷೇತ್ರದ ಗೆಳೆಯರು, ಇವು ಸಿಗುವುದು ಅಲ್ಲಿಯೇ. ಜೊತೆಗೆ ಕೆಲಸ ಬಿಟ್ಟ ಅವಧಿಯ ಸಂಬಳವನ್ನೂ ಶುಲ್ಕಕ್ಕೆ ಕೂಡಿಸಿ ಲೆಕ್ಕ ಹಾಕಬೇಕು. ಹಲವರು ಶುಲ್ಕವನ್ನಷ್ಟೇ ನೋಡುತ್ತಾರೆ.

ಇರುವ ಕೆಲಸದಲ್ಲೇ ಮೇಲೆ ಹೋಗಬೇಕು, ಮೂರ್ನಾಲ್ಕು ವರ್ಷ ಅನುಭವ ಆಗಿದೆ ಅನ್ನುವವರಿಗೆ ನಾನು ಪಿಎಂಪಿಯಂಥ ವೃತ್ತಿಪರ ಪರೀಕ್ಷೆಯನ್ನೇ ಹೇಳುತ್ತೇನೆ. ಹಣಕಾಸಿನವರಿಗೆ ಸಿಎಫ್‌ಎ, ಹಾಗೆಯೇ ಪ್ರತಿ ಕ್ಷೇತ್ರಕ್ಕೂ ಒಂದು ಇರುತ್ತದೆ. ಈಗಷ್ಟೇ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದವರು ದೂರಶಿಕ್ಷಣದ ಮಾಸ್ಟರ್ಸ್‌ಗೆ ಆಗಲೇ ಸೇರಿಬಿಡುವುದು ಒಳ್ಳೆಯದು. ಓದುವ ರೂಢಿ ಇನ್ನೂ ಬಿಟ್ಟಿರುವುದಿಲ್ಲ, ಮನೆಯ ಜವಾಬ್ದಾರಿ ಕಡಿಮೆ ಇರುತ್ತದೆ, ಪದವಿ ಕೈಗೆ ಬರುವ ಹೊತ್ತಿಗೆ ಅನುಭವವೂ ಆಗಿರುತ್ತದೆ. ಮುಂದಿನ ತಿಂಗಳು ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ಬರುತ್ತಿದೆ, ಕಲಿಯಲೇಬೇಕು ಅನ್ನುವವರು ಇದನ್ನು ಓದುತ್ತಾ ಕೂರದೆ ಆನ್‌ಲೈನ್ ಕೋರ್ಸ್ ತೆರೆಯಲಿ. ಯಾವುದನ್ನೇ ಆರಿಸಿದರೂ ಮೊದಲು ಕಚೇರಿಯ ಎಚ್‌ಆರ್ ವಿಭಾಗವನ್ನು ಒಮ್ಮೆ ಕೇಳಿ. ಶುಲ್ಕದಲ್ಲಿ ಪಾಲು ಕೊಡುವ ಕಂಪನಿಗಳಿವೆ, ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ. ಕೊಟ್ಟರೆ ಇಷ್ಟು ಕಾಲ ಕೆಲಸ ಬಿಡುವ ಹಾಗಿಲ್ಲ ಅನ್ನುವ ಷರತ್ತು ಇದೆಯೇ ಅಂತಲೂ ನೋಡಿಕೊಳ್ಳಿ.

ಕೊನೆಯದಾಗಿ ಬಾಳಿಕೆ. ಮಾಸ್ಟರ್ಸ್ ಪದವಿಗೆ ಅವಧಿ ಮುಗಿಯುವುದು ಅನ್ನುವುದಿಲ್ಲ. ಪಿಎಂಪಿ ಮೂರು ವರ್ಷಕ್ಕೆ ಮುಗಿಯುತ್ತದೆ. ಉಳಿಸಿಕೊಳ್ಳಲು ಅಷ್ಟರೊಳಗೆ 60 ಪಿಡಿಯು, ಅಂದರೆ ವೃತ್ತಿಯಲ್ಲಿ ಬೆಳೆಯುತ್ತಿದ್ದೇವೆ ಅನ್ನುವುದನ್ನು ಅಳೆಯುವ ಅಂಕಗಳನ್ನು, ತೋರಿಸಬೇಕು. ಒಂದು ಗಂಟೆಯ ಕಲಿಕೆಗೆ ಒಂದು ಪಿಡಿಯು, ಅದರಲ್ಲಿ ಕನಿಷ್ಠ 35 ಕಲಿಕೆಯಿಂದಲೇ ಬರಬೇಕು. ಆನ್‌ಲೈನ್ ಕೋರ್ಸ್‌ನ ಗಂಟೆಗಳೂ ಅದಕ್ಕೆ ಸಲ್ಲುತ್ತವೆ. ನಾನು ಈಗ ಅರ್ಧಕ್ಕೆ ಬಿಟ್ಟ ಒಂದು ಕೋರ್ಸನ್ನು ಮತ್ತೆ ತೆಗೆದಿದ್ದೇನೆ, ನವೀಕರಣಕ್ಕೆ ಆ ಗಂಟೆಗಳು ಬೇಕು. ಈ ಸಲ ಗಡುವು ಪಿಎಂಪಿಯವರದು. ಹಾಗಾಗಿ ಮುಗಿಯುವ ಹಾಗೆ ಕಾಣುತ್ತಿದೆ.